ದಬ್ಬಳ ಎಳೆದ ಕೈ

ನಮ್ಮದು ಹಾಸಿಗೆ ಹೊಲಿಯುವ ಮನೆ. ಮುಂದೆ ಅಂಗಡಿ, ನಡುವೆ ಕೆಲಸದ ಕೋಣೆ, ಹಿಂದೆ ಅಡಿಗೆಮನೆ ಮತ್ತು ನಾವು ಮಲಗುವ ಜಾಗ. ಮೂರಕ್ಕೂ ನಡುವೆ ಗೋಡೆ ಇದೆ, ಬಾಗಿಲಿದೆ. ಆದರೆ ಹತ್ತಿಗೆ ಅದೆಲ್ಲ ಲೆಕ್ಕಕ್ಕಿಲ್ಲ. ಹಾಲಿನ ಕೆನೆಯ ಮೇಲೆ, ಹುಬ್ಬಿನ ಮೇಲೆ, ಒಗೆದು ಹರವಿದ ಬಟ್ಟೆಯ ಮೇಲೆ, ಎಲ್ಲಿ ಬೇಕೆಂದರಲ್ಲಿ ಹೋಗಿ ಕೂರುತ್ತದೆ. ನನ್ನ ಮೊಮ್ಮಗಳು ಅಂಬೆಗಾಲಿಡುವಾಗ ಮೈಯೆಲ್ಲ ಹತ್ತಿ ಮೆತ್ತಿಕೊಂಡು ಕೋಣೆಯಿಂದ ಕೋಣೆಗೆ ಉರುಳುತ್ತಿದ್ದಳು. ಅದನ್ನು ನೋಡಿ ನನ್ನ ಮೈದುನ ಅವಳನ್ನು ಉಂಡೆ ಎಂದು ಕರೆದ. ಶಾಲೆಯಲ್ಲಿ ಬರೆಸಿದ ಹೆಸರು ಬೇರೆ. ಮನೆಯಲ್ಲಿ ಆ ಹೆಸರು ಹಿಡಿದು ಕೂಗಿದರೆ ಅವಳು ತಿರುಗಿಯೂ ನೋಡುತ್ತಿರಲಿಲ್ಲ.

ಹಾಸಿಗೆಯ ಅಂಚು ಹೊಲಿಯಲು ಸಣ್ಣ ಸೂಜಿ ಸಾಕು. ನಡುವೆ ಅಲ್ಲಲ್ಲಿ ಬಿಗಿಯಲು ಉದ್ದನೆಯ ದಬ್ಬಳ ಬೇಕು. ಹಾಸಿಗೆಯನ್ನು ಎರಡು ಬೆಂಚುಗಳ ಮೇಲೆ ಅಡ್ಡಹಾಕಿ, ಒಬ್ಬರು ಕೆಳಗೆ ಕೂತು ದಬ್ಬಳವನ್ನು ಮೇಲಕ್ಕೆ ಚುಚ್ಚುತ್ತಾರೆ. ಮೇಲಿದ್ದವರು ಅದನ್ನು ಎಳೆದುಕೊಂಡು, ಪಕ್ಕದಲ್ಲೇ ಮತ್ತೆ ಕೆಳಕ್ಕೆ ಇಳಿಸುತ್ತಾರೆ. ಕೆಳಗಿದ್ದವರು ದಾರ ಬಿಗಿದು ಗಂಟು ಹಾಕುತ್ತಾರೆ. ಹೀಗೆ ಮಾಡಿದರೆ ಒಳಗಿನ ಹತ್ತಿ ಒಂದೇ ಕಡೆ ಗುಡ್ಡೆಯಾಗುವುದಿಲ್ಲ. ಇಬ್ಬರು ಮಾಡುವ ಕೆಲಸ ಇದು. ನಮ್ಮಲ್ಲಿ ಕೆಳಗೆ ನನ್ನ ಮಗ, ಮೇಲೆ ನನ್ನ ಸೊಸೆ.

ನನ್ನ ಯಜಮಾನರ ಕಾಲದಲ್ಲಿ ಒಮ್ಮೆ ಒಂದು ದಬ್ಬಳ ಹಾಸಿಗೆಯೊಳಗೇ ಉಳಿದು ಗಿರಾಕಿಯ ಮನೆ ಸೇರಿತು. ಆತ ಹಾಸಿಗೆಯನ್ನು ಹೊತ್ತು ತಂದು ನಮ್ಮ ಬಾಗಿಲಲ್ಲಿ ಬಿಸಾಡಿ, ಬೀದಿಯವರೆಲ್ಲ ಕೇಳುವ ಹಾಗೆ ಬೈದು ಹೋದ. ಆಮೇಲೆ ಯಜಮಾನರು ಮನೆಯಲ್ಲಿ ಒಂದು ಕಟ್ಟಳೆ ಮಾಡಿದರು. ಸೂಜಿ ಎಲ್ಲಿ ಚುಚ್ಚಿಕೊಂಡಿದ್ದರೂ ಕಂಡವರು ಕಂಡ ಕೂಡಲೇ ಎಳೆಯಬೇಕು, ಒರೆಸಬೇಕು, ಗೋಡೆಗೆ ತೂಗುಹಾಕಿದ ಸೂಜಿದಿಂಬಿಗೆ ಚುಚ್ಚಬೇಕು. ಯಾರು ಬಿಟ್ಟದ್ದು, ಯಾಕೆ ಬಿಟ್ಟದ್ದು ಎಂದು ವಿಚಾರಿಸುತ್ತ ನಿಲ್ಲುವ ಹಾಗಿಲ್ಲ. ನನ್ನ ಮಗ ನಡೆಯುವುದನ್ನು ಕಲಿತ ವಯಸ್ಸಿನಲ್ಲೇ ಇದನ್ನೂ ಕಲಿತ. ನೆಂಟರ ಮನೆಯ ಪರದೆಯಲ್ಲಿ ಗುಂಡುಸೂಜಿ ಕಂಡರೂ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಒಮ್ಮೆ ಹಾಗೆ ಎಳೆದು ಪರದೆಯೇ ಕೆಳಗೆ ಬಿದ್ದು, ಎಲ್ಲರೂ ನಕ್ಕಿದ್ದೆವು.

ಬೆರಳಿಗೆ ಸೂಜಿ ಚುಚ್ಚುವುದಂತೂ ನಮಗೆ ಸೀನು ಬಂದ ಹಾಗೆ. ಬೆರಳನ್ನು ಬಾಯಲ್ಲಿಟ್ಟು ಚೀಪಿ, ಮತ್ತೆ ಕೆಲಸಕ್ಕೆ ಕೈ ಹಚ್ಚುವುದು. ಸೊಸೆ ಇಸ್ತ್ರಿ ಅಂಗಡಿಯವರ ಮಗಳು. ಬಂದ ಹೊಸತರಲ್ಲಿ ಒಂದು ಹನಿ ರಕ್ತ ಕಂಡರೂ ಬಟ್ಟೆ ಹರಿದು ಕಟ್ಟಿಕೊಳ್ಳುತ್ತಿದ್ದಳು.

"ಬೆಂಕಿ ಜೊತೆ ಬೆಳೆದವಳು, ಸೂಜಿಗೆ ಹೆದರ್ತಾಳಲ್ಲಪ್ಪ" ಎಂದು ಮೈದುನ ಚೇಷ್ಟೆ ಮಾಡುತ್ತಿದ್ದ.

"ಬೆಂಕಿ ಸುಟ್ರೆ ಸುಟ್ಟಿದ್ದು ಕಾಣತ್ತೆ ಚಿಕ್ಕಮಾವ. ನಿಮ್ಮ ಸೂಜಿ ಎಷ್ಟು ಒಳಗೆ ಹೋಯ್ತು ಅಂತ ಯಾರಿಗೆ ಕಾಣತ್ತೆ?" ಎನ್ನುತ್ತಿದ್ದಳು ಅವಳು.

ಆವತ್ತು ಶಾಲೆ ಬೇಗ ಬಿಟ್ಟಿತ್ತು. ಉಂಡೆ ಬಂದವಳೇ ಚೀಲ ಎಸೆದು ಕೆಲಸದ ಕೋಣೆಗೆ ನುಗ್ಗಿದಳು. ನಾನು ಕಿಟಕಿಯ ಬಳಿ ಕೂತು ದಿಂಬಿನ ಗವಸು ಹೊಲಿಯುತ್ತಿದ್ದೆ. ಮೈದುನ ಮೂಲೆಯಲ್ಲಿ ಹತ್ತಿ ಹಿಂಜುತ್ತಿದ್ದ. ಬೆಂಚಿನ ಮೇಲೆ ದಪ್ಪದೊಂದು ಹಾಸಿಗೆ ಇತ್ತು. ಸಂಜೆಯೊಳಗೆ ಕೊಡಬೇಕಾದದ್ದು. ಸೊಸೆ ಮುಂದಿನ ಅಂಗಡಿಯಲ್ಲಿ ಗಿರಾಕಿಗೆ ಬಟ್ಟೆ ತೋರಿಸುತ್ತಿದ್ದಳು. ಆಕೆ ಬರುವ ತನಕ ಕಾಯಲು ಮಗನಿಗೆ ಪುರುಸೊತ್ತಿರಲಿಲ್ಲ. ತಾನೇ ಕೆಳಗೆ ಕೂತು ದಬ್ಬಳ ಮೇಲಕ್ಕೆ ಚುಚ್ಚುವುದು, ಎದ್ದು ಬಂದು ತಾನೇ ಎಳೆಯುವುದು, ಹೀಗೆ ಇಬ್ಬರ ಕೆಲಸವನ್ನು ಒಬ್ಬನೇ ಮಾಡುತ್ತಿದ್ದ.

ಅವನು ಚುಚ್ಚಿದ. ತುದಿ ಹಾಸಿಗೆಯ ಮೇಲೆ ಬಂದು ನಿಂತಿತು. ಅವನು ಬೆಂಚಿನ ಕೆಳಗಿನಿಂದ ಎದ್ದು ಬರುವಷ್ಟರಲ್ಲಿ ಉಂಡೆ ಹತ್ತಿಯ ರಾಶಿ ಹತ್ತಿ, ಅಲ್ಲಿಂದ ಹಾಸಿಗೆಯ ಮೇಲೆ ಬೋರಲಾಗಿ ಹಾರಿದಳು.

ಕೂಗಲಿಲ್ಲ. ಮೊಣಕೈ ಊರಿ ಮೇಲೆದ್ದಳು. ದಬ್ಬಳ ಅವಳ ಜೊತೆಗೇ ಎದ್ದಿತು. ಎದೆಯ ಎಡಗಡೆ, ಅಂಗಿಯ ಗುಂಡಿಗಳ ಪಕ್ಕದಲ್ಲಿ ನಿಂತಿತ್ತು. ಅವಳು ಅದನ್ನು ನೋಡಿದಳು, ಆಮೇಲೆ ಅಪ್ಪನನ್ನು ನೋಡಿದಳು. ನಾನು ಬಾಯಿ ತೆರೆಯುವುದರೊಳಗೆ ಮಗನ ಕೈ ಅದನ್ನು ಎಳೆದಿತ್ತು, ದಾರ ಕಿತ್ತಿತ್ತು, ತೊಡೆಯ ಬಟ್ಟೆಗೆ ಒರೆಸಿ ಗೋಡೆಯ ಸೂಜಿದಿಂಬಿಗೆ ಚುಚ್ಚಿಯೂ ಆಗಿತ್ತು. ಅವನ ಮುಖ ನೋಡಿದರೆ ಏನಾಯಿತೆಂದು ಅವನಿಗೆ ಇನ್ನೂ ಹೊಳೆದ ಹಾಗಿರಲಿಲ್ಲ. ಕೈ ಮಾತ್ರ ತನ್ನ ಕೆಲಸ ಮುಗಿಸಿತ್ತು.

ಅಂಗಿ ಬಿಚ್ಚಿ ನೋಡಿದೆವು. ಸಾಸಿವೆ ಕಾಳಿನಷ್ಟು ಕೆಂಪು. ಒಂದು ಹನಿ ಬಂತು, ನಿಂತಿತು. ಆಗ ಉಂಡೆ ಅತ್ತಳು, ಅದೂ ಸ್ವಲ್ಪ ಹೊತ್ತು.

ಮೈದುನ ಅವಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡ. "ಇನ್ನೊಂಚೂರು ಸುಮ್ನಿದ್ದಿದ್ರೆ ನಿಮ್ಮಪ್ಪ ನಿನ್ನನ್ನೂ ಹಾಸಿಗೆ ಜೊತೆ ಹೊಲಿದು ಕಳಿಸ್ಬಿಡ್ತಿದ್ದ ನೋಡು. ಗಿರಾಕಿ ರಾತ್ರಿ ಮಲಗಿದ್ರೆ ಕೆಳಗಿಂದ ನೀನು ಅಜ್ಜೀ ಅಂತಿದ್ದೆ."

ಅವಳು ನಕ್ಕಳು. ನಕ್ಕಾಗ ಎದೆ ಹಿಡಿದುಕೊಂಡಳು.

ಸೊಸೆ ಒಳಗೆ ಬಂದು ವಿಷಯ ಕೇಳಿ, ಮಗುವಿನ ಎದೆಯನ್ನು ಬೆಳಕಿಗೆ ತಿರುಗಿಸಿ ನೋಡಿದಳು. "ಡಾಕ್ಟ್ರಿಗೆ ತೋರಿಸೋಣ ಕಣ್ರೀ" ಎಂದಳು.

"ಸೂಜಿ ಚುಚ್ಚಿದ್ದಕ್ಕೆ ಡಾಕ್ಟ್ರಾ?" ಎಂದ ಮಗ. "ಹಾಗಾದ್ರೆ ನಾವೆಲ್ಲ ಆಸ್ಪತ್ರೆಲೇ ಮನೆ ಮಾಡ್ಬೇಕಾಗಿತ್ತು."

ಮಾತು ಅಲ್ಲಿಗೆ ನಿಂತಿತು. ಉಂಡೆಗೆ ಹಾಲು ಕೊಟ್ಟೆ, ಬೇಡ ಎಂದಳು. ಮಲಗಿಸಿದರೆ ಎದ್ದು ಕೂರುತ್ತಿದ್ದಳು. ಮಲಗಿದರೆ ಉಸಿರು ಸಾಲುವುದಿಲ್ಲ ಎಂದಳು. ಗೋಡೆಗೆ ಒರಗಿಸಿದೆ. ಕೈ ಮುಟ್ಟಿದರೆ ಒದ್ದೆ ಬಟ್ಟೆಯ ಹಾಗೆ ತಣ್ಣಗಿತ್ತು. ಒಂದು ಗಳಿಗೆ ಕೂಡ ಬಾಯಿ ಮುಚ್ಚದ ಹುಡುಗಿ ಸುಮ್ಮನೆ ಕೂತು ಎದುರಿನ ಬಾಗಿಲನ್ನು ನೋಡುತ್ತಿದ್ದಳು. ಸೊಸೆ ಎರಡನೇ ಸಲ ಬಂದು ಅವಳ ತುಟಿ ನೋಡಿದಳು. ಈ ಸಲ ಯಾರನ್ನೂ ಕೇಳಲಿಲ್ಲ. ಎತ್ತಿಕೊಂಡು ಬೀದಿಗೆ ಇಳಿದಳು.

ಮೈದುನ ಹಾಸಿಗೆ ಸಾಗಿಸುವ ಮೂರು ಚಕ್ರದ ಗಾಡಿ ತೆಗೆದ. ನಾವು ಮೂವರೂ ಹಿಂದೆ, ಹಾಸಿಗೆ ಇಡುವ ಜಾಗದಲ್ಲಿ ಕೂತೆವು. ಮಗು ತಾಯಿಯ ತೊಡೆಯ ಮೇಲಿತ್ತು. ಮಗ ಪಕ್ಕದಲ್ಲಿ ಕೂತು ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದ. "ಏನಾಗಲ್ಲ" ಎಂದು ಎರಡು ಮೂರು ಸಲ ಹೇಳಿದ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕಾಲಿಡಲು ಜಾಗ ಇರಲಿಲ್ಲ. ಎಲ್ಲೋ ಬಸ್ಸು ಮಗುಚಿ ಬಿದ್ದಿತ್ತಂತೆ. ಗೋಡೆಯ ಉದ್ದಕ್ಕೂ ತಲೆಗೆ, ಕಾಲಿಗೆ ಬಟ್ಟೆ ಸುತ್ತಿಕೊಂಡವರು ಕೂತಿದ್ದರು. ಅವರ ರಕ್ತ ಕಣ್ಣಿಗೆ ಕಾಣುತ್ತಿತ್ತು. ನಮ್ಮ ಮಗುವಿನ ಅಂಗಿಯ ಮೇಲೆ ಒಂದು ಚುಕ್ಕಿ ಮಾತ್ರ.

ಬಾಗಿಲಲ್ಲಿದ್ದ ನರ್ಸ್ ಕೇಳಿದಳು, "ಏನಾಯ್ತು?"

"ಸೂಜಿ ತಾಗ್ತು" ಎಂದ ಮಗ. "ತುದಿ ಅಷ್ಟೇ."

ಅವಳು ಮಗುವಿನ ನಾಡಿ ಹಿಡಿದು ನೋಡಿ, ಹುಬ್ಬು ಗಂಟಿಕ್ಕಿ, ನಮ್ಮನ್ನು ಪಕ್ಕದ ಮಂಚಕ್ಕೆ ಕಳಿಸಿದಳು. ಬೆರಳಿಗೆ ಏನೋ ಸಿಕ್ಕಿಸಿ, ಮೂಗಿಗೆ ಗಾಳಿ ಹಿಡಿದರು. ಸಣ್ಣ ವಯಸ್ಸಿನ ಡಾಕ್ಟರಮ್ಮ ಒಬ್ಬಳು ಬಂದಳು. ಅವಳ ತೋಳಿನ ಮೇಲೆ ಇನ್ಯಾರದೋ ರಕ್ತ ಒಣಗಿತ್ತು. ಎದೆಗೆ ಕೊಳವೆ ಇಟ್ಟು ಕೇಳಿದಳು, ಬೆನ್ನಿಗೂ ಇಟ್ಟು ಕೇಳಿದಳು.

"ಎಂಥ ಸೂಜಿ?"

"ಹೊಲಿಯೋದು."

"ಎಷ್ಟು ಆಳ ಹೋಗಿತ್ತು?"

"ಸ್ವಲ್ಪ" ಎಂದ ಮಗ. "ಸ್ವಲ್ಪವೇ ಮೇಡಂ. ರಕ್ತಾನೂ ಬಂದಿಲ್ಲ."

ಸೊಸೆ ಅವನನ್ನು ನೋಡಿದಳು. ಆಗ ಅವಳು ಅಂಗಡಿಯಲ್ಲಿದ್ದಳು, ಅವಳಿಗೆ ಗೊತ್ತಿರಲಿಲ್ಲ. ನಾನು ಕೋಣೆಯಲ್ಲೇ ಇದ್ದೆ, ಆದರೆ ಎಳೆಯುವಾಗ ಅವನ ಬೆನ್ನು ನನ್ನ ಕಡೆಗಿತ್ತು. ಒರೆಸಿದ್ದು ಕಂಡೆ, ಎಷ್ಟು ಉದ್ದ ಒದ್ದೆಯಾಗಿತ್ತೆಂದು ಕಾಣಲಿಲ್ಲ. ದಬ್ಬಳವನ್ನು ತಂದಿದ್ದರೂ ಪ್ರಯೋಜನ ಇರಲಿಲ್ಲ. ಒರೆಸಿದ ಉಕ್ಕಿನ ಮೇಲೆ ಏನು ಗುರುತು ಉಳಿಯುತ್ತದೆ? ಅದು ಎಷ್ಟು ಒಳಗಿತ್ತು ಎನ್ನುವುದು ಗೊತ್ತಿದ್ದದ್ದು ಎಳೆದ ಕೈಗೆ ಮಾತ್ರ.

ಡಾಕ್ಟರಮ್ಮ ಮೊದಲು ಎದೆಯ ಎಕ್ಸ್‌ರೇ ತೆಗೆಸಲು ಹೇಳಿ, ಕೂಗಿದ ಕಡೆಗೆ ಓಡಿದಳು. ಮಗುವನ್ನು ಮಂಚದ ಸಮೇತ ತಳ್ಳಿಕೊಂಡು ಹೋಗಿ, ಚಿತ್ರ ತೆಗೆದು, ತಂದು ಬಿಟ್ಟರು. ಅಷ್ಟರಲ್ಲಿ ಅವಳ ಕತ್ತಿನ ನರಗಳು ಹಗ್ಗದ ಹಾಗೆ ಎದ್ದು ನಿಂತಿದ್ದವು. ಕಣ್ಣು ಅರ್ಧ ಮುಚ್ಚಿತ್ತು.

"ಉಂಡೆ, ನಿದ್ದೆ ಮಾಡ್ಬೇಡ ಕಂದ" ಎಂದೆ.

"ಇಲ್ಲ ಅಜ್ಜಿ" ಎಂದಳು. ಅವಳು ಪೂರ್ತಿಯಾಗಿ ಆಡಿದ ಕೊನೆಯ ಮಾತು ಅದು.

ಡಾಕ್ಟರಮ್ಮ ವಾಪಸು ಬಂದು ಕತ್ತು ನೋಡಿದಳು, ಕೊಳವೆ ಇಟ್ಟು ಮತ್ತೆ ಕೇಳಿದಳು. ಈ ಸಲ ಬಹಳ ಹೊತ್ತು ಕೇಳಿದಳು, ಗೋಡೆಯಾಚೆಯ ಸದ್ದಿಗೆ ಕಿವಿಗೊಟ್ಟವರ ಹಾಗೆ. ನರ್ಸಿಗೆ ಸ್ಕ್ಯಾನ್ ಗಾಡಿ ತರಲು ಹೇಳಿ, ನನ್ನ ಮಗನ ಎದುರು ಬಂದು ನಿಂತಳು. ಅವನು ತಲೆ ತಗ್ಗಿಸಿದ್ದ. ಅವಳು ಬಗ್ಗಿ ಅವನ ಮುಖ ಹುಡುಕಿದಳು.

"ನಾನು ಬೈಯಲ್ಲ" ಎಂದಳು. "ಪೊಲೀಸರನ್ನೂ ಕರೆಯಲ್ಲ. ಎಳೆದವರು ಯಾರು?"

ಅವನು ತನ್ನ ಬಲಗೈಯನ್ನು ನೋಡಿಕೊಂಡ.

"ಹೇಳ್ರೀ" ಎಂದಳು ಸೊಸೆ. ಅವಳ ದನಿ ಏರಲೇ ಇಲ್ಲ. "ಅದು ಒಳಗೆ ಎಷ್ಟಿತ್ತು, ಹೇಳ್ರೀ."

ಅವನು ತನ್ನ ಎಡಗೈಯ ನಡುಬೆರಳನ್ನು ಎತ್ತಿ, ಬಲಗೈಯ ಹೆಬ್ಬೆರಳಿನಿಂದ ಅದರ ಎರಡನೇ ಗೆಣ್ಣು ಮುಟ್ಟಿ ತೋರಿಸಿದ. ಆಮೇಲೆ ಹೆಬ್ಬೆರಳನ್ನು ಇನ್ನೂ ಸ್ವಲ್ಪ ಕೆಳಗೆ ಸರಿಸಿದ.

"ನಾನೇ ಎಳೆದೆ" ಎಂದ. "ಎಳೆಯೋವಾಗ ಅದು ಕೈಯಲ್ಲಿ ಮಿಡೀತಿತ್ತು."

ಡಾಕ್ಟರಮ್ಮ ಅಲ್ಲಿಂದಲೇ ಕೂಗಿ ಆಪರೇಷನ್ ಕೋಣೆ ತೆರೆಯಿಸಲು ಹೇಳಿದಳು. ದೊಡ್ಡ ಡಾಕ್ಟರನ್ನು ಕರೆಯಲು ಒಬ್ಬರು ಓಡಿದರು. ಸ್ಕ್ಯಾನ್ ಗಾಡಿಯ ಗಾಜಿನಲ್ಲಿ ಬೂದು ಬಣ್ಣದ ಒಂದು ಮುದ್ದೆ ಅಲುಗುತ್ತಿತ್ತು, ಅದರ ಸುತ್ತ ಕಪ್ಪು. ಆ ಕಪ್ಪೆಲ್ಲ ರಕ್ತ ಎಂದಳು. ಕೈ ಕೆಲಸ ಮಾಡುತ್ತಿದ್ದಂತೆ ಬಾಯಿ ನಮಗೆ ಹೇಳುತ್ತಿತ್ತು.

"ಹೃದಯ ಒಂದು ಚೀಲದೊಳಗೆ ಇರತ್ತೆ ಅಜ್ಜಿ. ಹೃದಯಕ್ಕೆ ತೂತಾಗಿದೆ. ಅದರಿಂದ ರಕ್ತ ಬಂದು ಚೀಲ ತುಂಬಿದೆ. ಹೃದಯಕ್ಕೆ ಅರಳೋಕೆ ಜಾಗ ಇಲ್ಲ."

ಗವಸಿಗೆ ಹತ್ತಿ ಅತಿಯಾಗಿ ತುಂಬಿದರೆ ಒಳಗೆ ಬೆರಳು ಕೂಡ ಆಡುವುದಿಲ್ಲ. ನನಗೆ ಅರ್ಥವಾಯಿತು. ಅರ್ಥವಾಗದಿದ್ದರೆ ಚೆನ್ನಾಗಿತ್ತು.

ಅವಳು ಉದ್ದನೆಯ ಸೂಜಿ ತೆಗೆದಳು. ಎದೆಗೂಡಿನ ಕೆಳಗಿನಿಂದ ಮೇಲ್ಮುಖವಾಗಿ ಮೆಲ್ಲನೆ ತೂರಿಸಿದಳು. ಸೂಜಿ ಒಳಗೆ ಹೋಗುವುದನ್ನು ನೋಡಿ ಮಗನ ಬಲಗೈ ತಾನಾಗಿ ಮುಂದೆ ಬಂತು. ಮೈದುನ ಅದನ್ನು ಹಿಡಿದುಕೊಂಡ. ಹಿಡಿದ ಕೈಯನ್ನು ಬಿಡಲೇ ಇಲ್ಲ. ಸಿರಿಂಜಿನೊಳಗೆ ಕಪ್ಪು ರಕ್ತ ಬಂತು. ಉಂಡೆಯ ಮುಖಕ್ಕೆ ಸ್ವಲ್ಪ ಬಣ್ಣ ಏರಿತು. ಕಣ್ಣು ತೆರೆದು ತಾಯಿಯನ್ನು ನೋಡಿದಳು. ಸೊಸೆ "ಇಲ್ಲೇ ಇದೀನಿ" ಎಂದಳು.

ಆಪರೇಷನ್ ಕೋಣೆಗೆ ಹೋಗುವ ದಾರಿಯಲ್ಲಿ, ತಳ್ಳುತ್ತಿದ್ದ ಮಂಚ ನಿಂತಿತು. ಒಬ್ಬ ನರ್ಸ್ ಮಂಚದ ಮೇಲೆ ಹತ್ತಿ ಮಗುವಿನ ಎದೆ ಒತ್ತತೊಡಗಿದಳು. ಹಾಗೇ ಒತ್ತುತ್ತ, ಹಾಗೇ ತಳ್ಳುತ್ತ ಒಳಗೆ ಹೋದರು. ಬಾಗಿಲು ಮುಚ್ಚಿತು.

ನಾವು ಹೊರಗಿನ ಬೆಂಚಿನಲ್ಲಿ ಕೂತೆವು. ಮೈದುನ ಜೀವಮಾನವಿಡೀ ಮಾತಿಗೆ ಬರ ಇಲ್ಲದ ಮನುಷ್ಯ. ಎದ್ದು ಹೋಗಿ ನಮ್ಮ ಗಾಡಿಯಲ್ಲಿ ಕೂತುಬಿಟ್ಟ. ಡಾಕ್ಟರಮ್ಮ ಒಮ್ಮೆ ಹೊರಗೆ ಬಂದಾಗ ಸೊಸೆ ಎದ್ದು ನಿಂತಳು.

"ಎದೆ ತೆರೆದಿದ್ದಾರೆ. ತೂತು ಸಿಕ್ಕಿದೆ. ಹೊಲೀತಿದ್ದಾರೆ."

"ಎಳೀದೇ ಇದ್ದಿದ್ರೆ?" ಎಂದಳು ಸೊಸೆ.

ಡಾಕ್ಟರಮ್ಮ ನನ್ನ ಮಗನ ಕಡೆ ನೋಡಿ, ಹೇಳಲೋ ಬೇಡವೋ ಎಂದು ನಿಂತಳು. ಅವನೇ ಕೇಳಿದ, "ಹೇಳಿ ಮೇಡಂ."

"ಚುಚ್ಚಿದ್ದು ಅಲ್ಲೇ ಇದ್ರೆ ತೂತಿಗೆ ಬಿರಟೆ ಹಾಕಿದ ಹಾಗೆ. ಅಲುಗಿಸದೆ ಹಾಗೇ ಕರ್ಕೊಂಡು ಬಂದ್ರೆ ನಮಗೆ ಸ್ವಲ್ಪ ಹೊತ್ತು ಸಿಗತ್ತೆ. ಆದ್ರೆ ಇದು ಯಾರಿಗೂ ಗೊತ್ತಿರಲ್ಲ. ಎಲ್ಲರೂ ಎಳೀತಾರೆ."

"ಮೊದ್ಲು ಕೇಳಿದಾಗ್ಲೇ ಇವರು ಹೇಳಿದ್ದಿದ್ರೆ?"

"ಅದನ್ನ ಹೇಳೋಕಾಗಲ್ಲ ಅಮ್ಮ" ಎಂದಳು ಡಾಕ್ಟರಮ್ಮ. "ನಾನೂ ಸ್ಕ್ಯಾನ್ ಮೊದ್ಲೇ ಮಾಡ್ಬಹುದಿತ್ತು." ಅಷ್ಟು ಹೇಳಿ ಒಳಗೆ ಹೋದಳು. ಅವಳ ನಡಿಗೆಯಲ್ಲಿ ದಣಿವಿತ್ತು.

ಸಂಜೆಯ ಹೊತ್ತಿಗೆ ದೊಡ್ಡ ಡಾಕ್ಟರ್ ಬಂದು ಹೃದಯ ಉಳಿಯಿತು ಎಂದರು. ನಾನು ಅವರ ಕೈ ಹಿಡಿದುಕೊಂಡೆ. ಅವರು ಕೈ ಬಿಡಿಸಿಕೊಳ್ಳದೆ ಮುಂದಿನದನ್ನೂ ಹೇಳಿದರು. ಹೃದಯ ನಿಂತಿದ್ದ ಹೊತ್ತಿನಲ್ಲಿ ಮೆದುಳಿಗೆ ರಕ್ತ ಸಾಲದಾಗಿದೆ. ಎಚ್ಚರವಾದ ಮೇಲೆ ನೋಡಬೇಕು. ಎಷ್ಟು ಉಳಿದಿದೆ, ಎಷ್ಟು ಹೋಗಿದೆ ಎಂದು ಈಗ ಹೇಳಲು ಬರುವುದಿಲ್ಲ.

ಅವಳು ಎಚ್ಚರವಾಗಲು ಬಹಳ ದಿನ ಹಿಡಿಯಿತು. ಐಸಿಯುವಿನ ಹೊರಗೆ ನಾನು, ಸೊಸೆ ಸರದಿಯಲ್ಲಿ ಕೂರುತ್ತಿದ್ದೆವು. ಮಗ ಸರದಿ ನೋಡಲಿಲ್ಲ, ಎದ್ದೇ ಹೋಗಲಿಲ್ಲ. ಗಂಡ ಹೆಂಡತಿ ಒಂದೇ ಬೆಂಚಿನಲ್ಲಿ ಕೂತಿರುತ್ತಿದ್ದರು, ನಡುವೆ ಬಟ್ಟೆಯ ಚೀಲ. ಒಂದು ಮಧ್ಯಾಹ್ನ ಅವನು ಮುಖ ತೊಳೆಯಲು ಹೋದಾಗ ಸೊಸೆ ನನ್ನ ಕಡೆ ತಿರುಗಿದಳು.

"ಅತ್ತೆ, ಅವರು ಎಳೆದಿದ್ದಕ್ಕೆ ನನಗೆ ಸಿಟ್ಟಿಲ್ಲ. ನಾನಿದ್ರೂ ಎಳೀತಿದ್ದೆ. ನಿಮ್ಮ ಮನೆಗೆ ಬಂದ್ಮೇಲೆ ನನ್ನ ಕೈಗೂ ಅದೇ ಅಭ್ಯಾಸ ಆಗಿದೆ. ಕೇಳಿದಾಗ ಹೇಳ್ಲಿಲ್ವಲ್ಲ, ಅದು."

ಅವಳ ಸೆರಗಿಗೆ ಅಂಟಿದ್ದ ಹತ್ತಿಯ ಎಳೆ ತೆಗೆದೆ. ಅವಳು ನನ್ನ ಕೈಯನ್ನು ಪಕ್ಕಕ್ಕೆ ಸರಿಸಲಿಲ್ಲ, ಹಿಡಿದುಕೊಳ್ಳಲೂ ಇಲ್ಲ.

ಆಮೇಲೆ ನಾನೇ ಮಗನನ್ನು ಕೇಳಿದೆ. ಆಸ್ಪತ್ರೆಯ ಹಿಂದಿನ ನಲ್ಲಿಯ ಹತ್ತಿರ, ಅವನು ಪಾತ್ರೆ ತೊಳೆಯುತ್ತಿದ್ದಾಗ.

"ಯಾಕೋ ಹಾಗೆ ಹೇಳ್ದೆ? ಸ್ವಲ್ಪ ಅಂತ?"

ಬಹಳ ಹೊತ್ತು ಅದೇ ಪಾತ್ರೆಯನ್ನು ತೊಳೆದ. "ಸ್ವಲ್ಪ ಅಂದ್ರೆ ಸ್ವಲ್ಪವೇ ಆಗತ್ತೇನೋ ಅಂತ ಅಮ್ಮ" ಎಂದ. "ಬಾಯಿಬಿಟ್ಟು ಇಷ್ಟು ಅಂದ್ರೆ ಅದು ಅಷ್ಟೇ ಆಳ ಹೋದ ಹಾಗೆ. ನಾನೇ ನಿಂತ್ಕೊಂಡು ಚುಚ್ಚಿದ ಹಾಗೆ."

ಬೈಯಬೇಕೆಂದು ಬಂದವಳು ನಾನು. ಪಾತ್ರೆ ಇಸಿದುಕೊಂಡು ಒರೆಸಿದೆ.

ಉಂಡೆ ಎಚ್ಚರವಾದಳು. ಮನೆಗೂ ಬಂದಳು. ಎದೆಯ ನಡುವೆ ಉದ್ದಕ್ಕೆ ಹೊಲಿಗೆಯ ಗುರುತು. ಚೊಕ್ಕವಾದ ಕೆಲಸ, ನಮ್ಮವರೂ ಹಾಗೆ ಹೊಲಿಯಲಾರರು. ಅವಳು ಕೂರಿಸಿದ ಕಡೆ ಕೂರುತ್ತಾಳೆ. ಚಮಚ ತುಟಿಗೆ ತಾಗಿದರೆ ಬಾಯಿ ತೆರೆಯುತ್ತಾಳೆ. ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಟ್ಟು, ಯಾಕೆ ಎದ್ದೆ ಎಂದು ಮರೆತವಳ ಹಾಗೆ ನಿಂತುಬಿಡುತ್ತಾಳೆ. ಉಳಿದ ಮಾತು ಒಂದೇ, ಅಮ್ಮ. ತಾಯಿಗೂ ಅಮ್ಮ, ನನಗೂ ಅಮ್ಮ, ಅಪ್ಪನಿಗೂ ಅಮ್ಮ. ಮೈದುನ ಮೊದಮೊದಲು ಅವಳ ಎದುರು ಕೂತು ಹಳೆಯ ತಮಾಷೆಗಳನ್ನೆಲ್ಲ ಹೇಳುತ್ತಿದ್ದ. ಈಗ ಬರೀ ಪಕ್ಕದಲ್ಲಿ ಕೂತು ಹತ್ತಿ ಹಿಂಜುತ್ತಾನೆ.

ನೋಡಲು ಬಂದವರೆಲ್ಲ ಒಂದೇ ಸಮಾಧಾನ ಹೇಳುತ್ತಿದ್ದರು. "ಜೀವ ಉಳಿಯಿತಲ್ಲ." "ಸೂಜಿ ಇಷ್ಟು ಮಾಡುತ್ತೆ ಅಂತ ಯಾರಿಗೆ ಗೊತ್ತು?" ಮಗ ಅವರ ಮಾತಿಗೆ ತಲೆ ಆಡಿಸುವುದಿಲ್ಲ. ನೀರು ತಂದುಕೊಟ್ಟು ಒಳಗೆ ಹೋಗುತ್ತಾನೆ. ಅವಳಿಗೆ ಉಣಿಸುವುದು, ಸ್ನಾನ ಮಾಡಿಸುವುದು, ತಲೆ ಬಾಚುವುದು ಎಲ್ಲ ಅವನೇ. ಜಡೆ ಹಾಕಲು ಬರುವುದಿಲ್ಲ. ಹಗ್ಗ ಹೊಸೆದ ಹಾಗೆ ಹೊಸೆಯುತ್ತಾನೆ. ಸೊಸೆ ಅದನ್ನು ಬಿಚ್ಚಿ ಮತ್ತೆ ಹಾಕುತ್ತಾಳೆ, ಅವನ ಎದುರಿಗೇ.

ಮೊನ್ನೆ ಮರುಪರೀಕ್ಷೆಗೆ ಕರೆದಿದ್ದರು. ನಾವು ಮೂವರೂ ಕರೆದುಕೊಂಡು ಹೋದೆವು. ದೊಡ್ಡ ಡಾಕ್ಟರ್ ಅವಳ ಎದೆಗೆ ಕೊಳವೆ ಇಟ್ಟು ಕೇಳಿದರು, ಸ್ಕ್ಯಾನ್ ನೋಡಿದರು. ಮುಖ ಅರಳಿತು.

"ಹೃದಯ ಬಹಳ ಚೆನ್ನಾಗಿದೆ. ಯಾವ ತೊಂದರೆಯೂ ಇಲ್ಲ. ನೂರು ವರ್ಷ ಬಡಿಯುತ್ತೆ" ಎಂದರು. ನಮ್ಮ ಮುಖ ನೋಡಿ ದನಿ ತಗ್ಗಿಸಿದರು. ಮಾತು ಕಲಿಸುವವರ ಹತ್ತಿರ ಹೋಗುತ್ತಿರಿ, ಬಿಡಬೇಡಿ, ಕೆಲವು ಮಕ್ಕಳಿಗೆ ಸ್ವಲ್ಪ ಸ್ವಲ್ಪ ತಿರುಗಿ ಬರುತ್ತದೆ ಎಂದರು. ಆಮೇಲೆ ಏನನ್ನಿಸಿತೋ, ತಮ್ಮ ಕೊರಳಿನ ಕೊಳವೆ ತೆಗೆದು ಮಗನ ಕಿವಿಗೆ ಸಿಕ್ಕಿಸಿ, ಅದರ ಬಿಲ್ಲೆಯನ್ನು ಉಂಡೆಯ ಎದೆಯ ಮೇಲಿಟ್ಟರು.

"ಕೇಳಿ."

ಅವನು ಕೇಳಿದ. ಬಗ್ಗಿ, ಕಣ್ಣು ಮುಚ್ಚಿ ಕೇಳಿದ. ನರ್ಸ್ ಮುಂದಿನವರನ್ನು ಕರೆದಳು. ಅವನು ಏಳಲಿಲ್ಲ. ಉಂಡೆ ಅವನ ಕಿವಿಯ ಹತ್ತಿರ ಬಾಯಿ ತಂದು "ಅಮ್ಮ" ಎಂದಳು. ಅವನಿಗೆ ಅದು ಕೇಳಿಸಲಿಲ್ಲ. ಸೊಸೆಯೇ ಮೆಲ್ಲನೆ ಕೊಳವೆ ಬಿಡಿಸಿ ಡಾಕ್ಟರ ಕೈಗೆ ಕೊಟ್ಟಳು.

ಹೊರಗೆ ಬಿಸಿಲಿತ್ತು. ಮೆಟ್ಟಿಲಿಳಿಯುವಾಗ ಸೊಸೆ ಕೇಳಿದಳು. ಆಸ್ಪತ್ರೆಯ ದಿನಗಳಾದ ಮೇಲೆ ಅವಳಾಗಿ ಅವನನ್ನು ಏನಾದರೂ ಕೇಳಿದ್ದು ಅದೇ ಮೊದಲು.

"ಏನು ಕೇಳಿಸ್ತು?"

ಅವನು ಮೆಟ್ಟಿಲ ಮೇಲೇ ನಿಂತ.

"ಅವತ್ತು ನನ್ನ ಕೈಗೆ ಗೊತ್ತಾಗಿದ್ದೇ ಕೇಳಿಸ್ತು" ಎಂದ. "ಅದೇ ಬಡಿತ. ಅವತ್ತೇ ಗೊತ್ತಿತ್ತು ನನಗೆ, ಅದು ಹೃದಯಕ್ಕೆ ತಾಗಿದೆ ಅಂತ. ಬಾಗಿಲಲ್ಲಿ ನರ್ಸ್ ಕೇಳಿದಾಗ್ಲೇ ಗೊತ್ತಿತ್ತು."

ಸೊಸೆ ಅವನ ಮುಖವನ್ನು ನೋಡಿದಳು. ಬೈಯುತ್ತಾಳೆ ಎಂದು ನಾನು ಕಾದೆ, ಬೈದರೆ ಒಳ್ಳೆಯದೆಂದೂ ಅನ್ನಿಸಿತು. ಅವಳು ಬೈಯಲಿಲ್ಲ. ಉಂಡೆಯ ಒಂದು ಕೈಯನ್ನು ತಾನು ಹಿಡಿದು, ಇನ್ನೊಂದು ಕೈಯನ್ನು ಅವನು ಹಿಡಿಯಲೆಂದು ಬಿಟ್ಟಳೋ, ಸುಮ್ಮನೆ ಬಿಟ್ಟಳೋ, ನನಗೆ ತಿಳಿಯಲಿಲ್ಲ. ಅವನು ಹಿಡಿಯಲಿಲ್ಲ. ಎರಡು ಹೆಜ್ಜೆ ಹಿಂದೆ ಉಳಿದ. ಮಗು ಒಂದೊಂದೇ ಮೆಟ್ಟಿಲನ್ನು ಕಾಲಿನಿಂದ ತಡವಿ ಇಳಿಯಿತು, ನಾವು ಅದರ ಹಿಂದೆ ಇಳಿದೆವು.